ನಡೆಯುವವನಲ್ಲದ ವಾಕರ್: ಒಂದು ಇಂಗ್ಲಿಷ್ ಅಡ್ಡಹೆಸರಿನ ಮೂಲ

ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಪಟ್ಟಣದಲ್ಲಿ 1820ರಲ್ಲಿ ಜಾನ್ ವಾಕರ್ ಎಂಬ ಹುಡುಗ ಒಂದು ದಿನಸಿ ಅಂಗಡಿ ತೆರೆದ. ಆ ಅಂಗಡಿಯಿಂದ ಬೆಳೆದು ಜಗತ್ತಿಗೆಲ್ಲ ಹರಡಿದ ಜಾನಿ ವಾಕರ್ ವಿಸ್ಕಿಗೆ 1908ರಲ್ಲಿ ಟಾಮ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ ಒಂದು ಲಾಂಛನ ಬರೆದುಕೊಟ್ಟ. ಎತ್ತರದ ಟೋಪಿ, ಕೆಂಪು ಕೋಟು, ಕೈಯಲ್ಲೊಂದು ಕೋಲು ಹಿಡಿದು ಬೀಸುಗಾಲು ಹಾಕಿಕೊಂಡು ಹೊರಟ ಠೀವಿಯ ಮನುಷ್ಯನ ಚಿತ್ರವದು. ವಾಕರ್ ಎಂದರೆ ನಡೆಯುವವನು ಎಂಬ ಶ್ಲೇಷೆಯೇ ಅದರ ಜೀವಾಳ. ಚಿತ್ರವೇನೋ ಗೆದ್ದಿತು, ಆದರೆ ಅದು ಹೇಳುವ ಅರ್ಥ ತಪ್ಪು. ವಾಕರ್ ಎಂಬ ಅಡ್ಡಹೆಸರಿಗೂ ದಾರಿಯಲ್ಲಿ ನಡೆದುಹೋಗುವುದಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಆ ಹೆಸರು ಹುಟ್ಟಿದಾಗ ಇಂಗ್ಲಿಷಿನ ಆ ಧಾತುವಿಗೆ ನಡೆಯುವ ಅರ್ಥವೇ ಇನ್ನೂ ಬಂದಿರಲಿಲ್ಲ.

ವಾಕರ್ ಎಂದರೆ ಉಣ್ಣೆಬಟ್ಟೆಯನ್ನು ಹದಕ್ಕೆ ತರುವ ಕಸುಬಿನವನು. ಈ ಕಸುಬಿಗೆ ಕನ್ನಡದಲ್ಲಿ ಒಂದೇ ಮಾತಿನ ಹೆಸರಿಲ್ಲ, ಅದಕ್ಕೆ ಕಾರಣವೂ ಇದೆ. ನಮ್ಮದು ಬಹುಪಾಲು ಹತ್ತಿಯ ನಾಡು. ಹತ್ತಿಯ ಬಟ್ಟೆ ಮಗ್ಗದಿಂದ ಇಳಿದ ಮೇಲೆ ಒಗೆದು, ಗಂಜಿ ಕೊಟ್ಟರೆ ಉಡಲು ಸಿದ್ಧವಾಗುತ್ತದೆ. ಉಣ್ಣೆ ಹಾಗಲ್ಲ. ಮಗ್ಗದಿಂದ ಆಗಷ್ಟೇ ಇಳಿದ ಉಣ್ಣೆಬಟ್ಟೆ ಜಾಳುಜಾಳಾಗಿರುತ್ತದೆ, ಹಾಸುಹೊಕ್ಕುಗಳ ನಡುವೆ ಬೆಳಕು ಕಾಣುತ್ತದೆ, ಕುರಿಯ ಮೈಯ ಜಿಡ್ಡೂ ನೇಕಾರ ನೂಲಿಗೆ ಸವರಿದ ಎಣ್ಣೆಯೂ ಸೇರಿ ಮುಟ್ಟಿದರೆ ಕೈಗೆ ಅಂಟುತ್ತದೆ. ಇಂಗ್ಲೆಂಡಿನ ಚಳಿಗೂ ಮಳೆಗೂ ಅಂಥ ಬಟ್ಟೆ ಒಂದು ವಾರವೂ ತಡೆಯುವಂಥದಲ್ಲ. ಅದರ ಜಿಡ್ಡನ್ನು ತೆಗೆದು, ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವಂತೆ ಮಾಡಿ, ಗಾಳಿ ನೀರು ಸುಲಭಕ್ಕೆ ನುಗ್ಗದ ದಪ್ಪ ಬಟ್ಟೆಯಾಗಿಸುವ ಕೆಲಸ ವಾಕರನದಾಗಿತ್ತು.

ಇದು ಹೇಗೆ ನಡೆಯುತ್ತದೆಂಬುದನ್ನು ನಾನು ಮನೆಯಲ್ಲೇ ಅರಿಯದೆ ಮಾಡಿ ನೋಡಿದ್ದೇನೆ. ಒಳ್ಳೆಯ ಉಣ್ಣೆಯ ಸ್ವೆಟರೊಂದನ್ನು ಬಿಸಿನೀರಿನ ಜೊತೆ ವಾಷಿಂಗ್ ಮಷೀನಿಗೆ ಹಾಕಿದ್ದೆ. ಹೊರಬಂದದ್ದು ಐದು ವರ್ಷದ ಮಗುವಿಗೆ ಬಿಗಿಯಾಗುವಂಥ, ಹಲಗೆಯಂತೆ ಗಡುಸಾದ ಒಂದು ವಸ್ತು. ಕುರಿಯ ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೀನಿನ ಮೈಯ ಹಾಗೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳು ಕಾಣುತ್ತವೆ. ಶಾಖ, ತೇವ, ಸಾಬೂನಿನಂಥ ಕ್ಷಾರ ಮತ್ತು ಬಿಡದ ಒತ್ತಡ ಸೇರಿದಾಗ ಈ ಹುರುಪೆಗಳು ತೆರೆದುಕೊಂಡು ಪಕ್ಕದ ಎಳೆಗಳನ್ನು ಕಚ್ಚಿಕೊಳ್ಳುತ್ತವೆ, ಒಮ್ಮೆ ಕಚ್ಚಿದರೆ ಬಿಡುವುದಿಲ್ಲ. ನನ್ನ ಪಾಲಿಗೆ ನಷ್ಟವಾದ ಆ ಕುಗ್ಗುವಿಕೆಯೇ ಮಧ್ಯಯುಗದ ಯೂರೋಪಿಗೆ ಒಂದು ದೊಡ್ಡ ಉದ್ಯಮವಾಗಿತ್ತು. ನಮ್ಮಲ್ಲಿ ಕುರುಬರು ನೇಯುವ ಕರಿಯ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದು ಗಡುಸುತನ ತರುತ್ತಾರೆ. ಇಂಗ್ಲೆಂಡಿನವರು ಆ ಗಡುಸುತನವನ್ನು ಉಣ್ಣೆಯ ಒಳಗಿನಿಂದಲೇ ಹೊರಡಿಸುತ್ತಿದ್ದರು.

ಕೆಲಸದ ರೀತಿ ಅಷ್ಟೇನೂ ಅಂದವಾದದ್ದಲ್ಲ. ದೊಡ್ಡ ಮರದ ದೋಣಿಯಲ್ಲಿ ಬಟ್ಟೆಯನ್ನು ನೆನೆಹಾಕಿ, ಅದರ ಮೇಲೆ ಹಳಸಿದ ಮೂತ್ರ ಸುರಿಯುತ್ತಿದ್ದರು. ಮೂತ್ರ ಹಳಸಿದಾಗ ಉಂಟಾಗುವ ಅಮೋನಿಯಾ ಜಿಡ್ಡನ್ನು ಕರಗಿಸುತ್ತದೆ. ರೋಮಿನಲ್ಲಿ ಇದಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ ವೆಸ್ಪೇಸಿಯನ್ ಚಕ್ರವರ್ತಿ ಮೂತ್ರದ ಮೇಲೆಯೇ ತೆರಿಗೆ ಹಾಕಿದ್ದ. ಇದರ ಜೊತೆಗೆ ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣನ್ನು ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಇವತ್ತಿಗೂ 'ಫುಲ್ಲರ್ಸ್ ಅರ್ತ್', ಅಂದರೆ ಫುಲ್ಲರನ ಮಣ್ಣು ಎಂದೇ ಹೆಸರು; ಫುಲ್ಲರ್ ಎಂಬುದು ಇದೇ ಕಸುಬಿನವನ ಇನ್ನೊಂದು ಹೆಸರು. ನಮ್ಮ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚಿಕೊಳ್ಳಲು ಮುಲ್ತಾನಿ ಮಿಟ್ಟಿ ಎಂದು ಮಾರುವುದೂ ಇದೇ ಜಾತಿಯ ಮಣ್ಣು, ಪೊಟ್ಟಣದ ಮೇಲೆ ಆ ಇಂಗ್ಲಿಷ್ ಹೆಸರೂ ಎಷ್ಟೋ ಸಲ ಅಚ್ಚಾಗಿರುತ್ತದೆ. ಎಣ್ಣೆಮುಖದ ಜಿಡ್ಡು ತೆಗೆಯುವ ಗುಣವೂ ಉಣ್ಣೆಬಟ್ಟೆಯ ಜಿಡ್ಡು ತೆಗೆಯುವ ಗುಣವೂ ಒಂದೇ. ಇಷ್ಟೆಲ್ಲ ಹಾಕಿದ ಮೇಲೆ ಆಳುಗಳು ದೋಣಿಯೊಳಗೆ ಇಳಿದು, ಗೋಡೆ ಕಟ್ಟಲು ಮಣ್ಣು ತುಳಿದು ಹದ ಮಾಡುವವರಂತೆ, ಗಂಟೆಗಟ್ಟಲೆ ಬಟ್ಟೆಯನ್ನು ಬರಿಗಾಲಿನಲ್ಲಿ ತುಳಿಯುತ್ತಿದ್ದರು. ಆಮೇಲೆ ತೊಳೆದು, ಬಯಲಿನಲ್ಲಿ ನಿಲ್ಲಿಸಿದ ಉದ್ದನೆಯ ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಸಿಕ್ಕಿಸಿ ಹಿಗ್ಗಿಸಿ ಒಣಗಿಸುತ್ತಿದ್ದರು. ಆ ಚೌಕಟ್ಟಿನ ಹೆಸರು ಟೆಂಟರ್. ನಾವು ತುದಿಗಾಲಲ್ಲಿ ನಿಂತಿದ್ದೇವೆ ಎನ್ನುವ ಕಡೆ ಇಂಗ್ಲಿಷರು ಟೆಂಟರಿನ ಕೊಕ್ಕೆಗಳ ಮೇಲಿದ್ದೇವೆ ಎನ್ನುವುದು ಇಲ್ಲಿಂದಲೇ ಬಂದದ್ದು.

ಬಟ್ಟೆಯ ಮೇಲೆ ನಡೆಯುತ್ತಿದ್ದರು, ಹಾಗಾಗಿ ವಾಕರ್ ಎಂಬ ಹೆಸರು ಬಂತು ಎಂದು ಹಲವರು ವಿವರಿಸುತ್ತಾರೆ. ಕೇಳಲು ಚೆನ್ನಾಗಿದೆ, ಅರ್ಧ ನಿಜವೂ ಹೌದು. ಆದರೆ ಇದು ಕುದುರೆಯ ಮುಂದೆ ಗಾಡಿ ಕಟ್ಟಿದ ವಿವರಣೆ. ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರ 1066ರ ದಾಳಿಗೆ ಮುಂಚಿನ ಭಾಷೆಯಲ್ಲಿ, 'ವೆಯಾಲ್ಕನ್' ಎಂಬ ಕ್ರಿಯಾಪದಕ್ಕೆ ಉರುಳಿಸು, ಹೊರಳಾಡು, ತೊನೆದಾಡು ಎಂಬ ಅರ್ಥಗಳಿದ್ದವು. ಆ ಕಾಲದ ಕಾವ್ಯದಲ್ಲಿ ಕಡಲ ಅಲೆಗಳ ಭಯಂಕರವಾದ ಹೊರಳಾಟಕ್ಕೆ ಇದೇ ಧಾತುವಿನಿಂದ ಬಂದ ನಾಮಪದ ಬಳಕೆಯಾಗಿದೆ. ಬಟ್ಟೆಯನ್ನು ಮಗುಚಿ, ಉರುಳಿಸಿ, ಒತ್ತಿ ಹದ ಮಾಡುವವನಿಗೆ 'ವೆಯಾಲ್ಕೆರೆ' ಎಂಬ ಹೆಸರು ಆಗಲೇ ಇತ್ತು. ಲ್ಯಾಟಿನ್ನಿನ 'ಫುಲ್ಲೊ' ಎಂಬ ಪದಕ್ಕೆ ಅಂದಿನ ಪದಪಟ್ಟಿಗಳು ಕೊಡುವ ಅರ್ಥ ಅದು. ಉರುಳು, ಹೊರಳಾಡು ಎಂಬ ಅರ್ಥ ಅತ್ತಿತ್ತ ತಿರುಗಾಡು ಎಂದಾಗಿ, ಕಾಲಿನಿಂದ ನಡೆ ಎಂಬಲ್ಲಿಗೆ ಬಂದು ನಿಂತದ್ದು ಸುಮಾರು 13ನೇ ಶತಮಾನದ ಹೊತ್ತಿಗೆ. ಹಾಗಾಗಿ ನಡೆಯುವ 'ವಾಕ್' ಮತ್ತು ಬಟ್ಟೆಯ 'ವಾಕರ್' ಒಂದೇ ತಾಯಿಯ ಮಕ್ಕಳೇ ಹೊರತು ಒಂದು ಇನ್ನೊಂದರಿಂದ ಹುಟ್ಟಿದ್ದಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಜರ್ಮನ್ ಭಾಷೆ. ಅಲ್ಲಿ 'ವಾಲ್ಕೆನ್' ಎಂದರೆ ಇಂದಿಗೂ ಉಣ್ಣೆಬಟ್ಟೆಯನ್ನು ಒತ್ತಿ ಹದಗೊಳಿಸುವುದೇ, ನಡೆಯುವ ಅರ್ಥ ಅದಕ್ಕೆ ಬರಲೇ ಇಲ್ಲ. ಜರ್ಮನ್ ಮಾತಾಡುವ ನಾಡುಗಳಲ್ಲೂ ಈ ಕಸುಬಿನಿಂದಲೇ ಬಂದ 'ವಾಲ್ಕರ್' ಎಂಬ ಮನೆತನಗಳಿವೆ. ಅವರ ಹೆಸರನ್ನೂ ಇಂಗ್ಲಿಷ್ ವಾಕರನ ಹೆಸರನ್ನೂ ಬರೆಯುವುದು ಅವೇ ಅಕ್ಷರಗಳಲ್ಲಿ.

ಈ ಹೆಸರಿನ ನಿಜವಾದ ಸ್ವಾರಸ್ಯ ಅದರ ಭೂಗೋಳದಲ್ಲಿದೆ. ಒಂದೇ ಕೆಲಸ ಮಾಡುವವನಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲೂ ಮಧ್ಯಭಾಗದಲ್ಲೂ ಅವನು ವಾಕರ್. ಕೆಂಟ್, ಸಸೆಕ್ಸ್, ಎಸೆಕ್ಸ್, ಸಫಕ್ ಕಡೆಯ ಆಗ್ನೇಯದಲ್ಲಿ ಅವನು ಫುಲ್ಲರ್. ಡೆವನ್, ಸಾಮರ್ಸೆಟ್, ಕಾರ್ನ್‌ವಾಲ್ ಸೇರಿದ ನೈಋತ್ಯದಲ್ಲಿ ಅವನು ಟಕ್ಕರ್. ಫುಲ್ಲರ್ ಎಂಬುದು ಲ್ಯಾಟಿನ್ನಿನ ಫುಲ್ಲೊ ಪದದಿಂದ ಹಳೆಯ ಇಂಗ್ಲಿಷಿಗೆ ಬಂದು, ಆಮೇಲೆ ನಾರ್ಮನ್ನರ ಫ್ರೆಂಚಿನಿಂದ ಇನ್ನಷ್ಟು ಬಲ ಪಡೆದದ್ದು. ಟಕ್ಕರ್ ಎಂಬುದು 'ಟೂಕಿಯನ್' ಎಂಬ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದದ್ದು, ಅದರ ಅರ್ಥ ಹಿಂಸಿಸು, ಗೋಳುಹೊಯ್ದುಕೊಳ್ಳು. ನಮ್ಮ 'ಟಕ್ಕರ್ ಕೊಡುವ' ಮಾತಿಗೂ ಇದಕ್ಕೂ ಯಾವ ನಂಟೂ ಇಲ್ಲ, ಆದರೂ ಆ ಬಟ್ಟೆ ಪಡುತ್ತಿದ್ದ ಪಾಡನ್ನು ನೆನೆದರೆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಇಟಲಿಯವರು ಇದಕ್ಕೆ ತಿರುವುಮುರುವಾದ ಕೆಲಸ ಮಾಡಿದ್ದಾರೆ: ಲ್ಯಾಟಿನ್ನಿನ ನೇರ ವಾರಸುದಾರರಾಗಿಯೂ ಬಟ್ಟೆ ಹದ ಮಾಡುವ ಗಿರಣಿಗೆ ಜರ್ಮನ್ ಮೂಲದ ಪದವನ್ನೇ ಎರವಲು ತಂದು 'ಗ್ವಾಲ್ಕಿಯೇರಾ' ಎಂದು ಕರೆದಿದ್ದಾರೆ.

ಕನ್ನಡ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಬಟ್ಟೆ ಒಗೆಯುವವನನ್ನು ಒಂದು ಕಡೆ ಅಗಸ ಎಂದರೆ ಇನ್ನೊಂದು ಕಡೆ ಮಡಿವಾಳ ಎನ್ನುತ್ತೇವೆ. ಕಂಬಾರ, ಬಡಿಗೇರ, ಪತ್ತಾರ, ಗಾಣಿಗೇರ ಎಂದು ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಓದುತ್ತ ಹೋದರೆ ಒಂದು ಊರಿನ ಹಳೆಯ ಕಸುಬುಗಳ ಪಟ್ಟಿಯೇ ಸಿಗುತ್ತದೆ. ನಮ್ಮಲ್ಲಿ ಕಸುಬು ಜಾತಿಗೆ ಅಂಟಿಕೊಂಡೇ ಬಂದದ್ದರಿಂದ ಹೆಸರು ಮನೆತನದ ಜೊತೆಗೆ ಸಮುದಾಯವನ್ನೂ ಹೇಳಿಬಿಡುತ್ತದೆ, ಇಂಗ್ಲೆಂಡಿನಲ್ಲಿ ಆ ಕಟ್ಟು ಇರಲಿಲ್ಲ. ವಾಕರನ ಮಗ ಕಟುಕನಾಗಬಹುದಿತ್ತು, ಮೊಮ್ಮಗ ಪಾದ್ರಿಯಾಗಬಹುದಿತ್ತು.

ಪದ ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುತ್ತಿತ್ತೆಂಬುದು ಆ ಕಾಲದವರಿಗೂ ಚೆನ್ನಾಗಿ ಗೊತ್ತಿತ್ತು. 14ನೇ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫ್ ಎಂಬ ಧರ್ಮಸುಧಾರಕನ ಬಳಗ ಬೈಬಲನ್ನು ಇಂಗ್ಲಿಷಿಗೆ ತರುವಾಗ ಮಾರ್ಕನ ಸುವಾರ್ತೆಯ ಒಂದು ವಾಕ್ಯದಲ್ಲಿ ತಡವರಿಸಿದಂತಿದೆ. ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾಗಿ ಉಡುಪು ಹೊಳೆದ ಪ್ರಸಂಗವದು. ಭೂಮಿಯ ಮೇಲಿನ ಯಾವ ಫುಲ್ಲರನೂ ಅಷ್ಟು ಬಿಳುಪು ಮಾಡಲಾರ ಎಂದು ಬರೆದು ಅಲ್ಲಿಗೇ ನಿಲ್ಲಿಸದೆ, 'ಅಥವಾ ಬಟ್ಟೆಯ ವಾಕರ್' ಎಂದೂ ಸೇರಿಸಿದ್ದಾರೆ. ದಕ್ಷಿಣದವನಿಗೆ ಒಂದು ಪದ, ಉತ್ತರದವನಿಗೆ ಇನ್ನೊಂದು. ಕನ್ನಡದ ಬೈಬಲಿನಲ್ಲಿ ಅದೇ ಜಾಗದಲ್ಲಿ 'ಅಗಸ' ಎಂದಿದೆ. ಉಣ್ಣೆ ತುಳಿಯುವ ಕಸುಬೇ ಇಲ್ಲದ ನಾಡಿನ ಓದುಗರಿಗೆ ಅದಕ್ಕಿಂತ ಹತ್ತಿರದ ಪದ ಇನ್ನೊಂದಿರಲಿಲ್ಲ.

ಈ ಪದಗಳು ಕಸುಬಿನ ಹೆಸರಾಗಿದ್ದು ಮನೆತನದ ಹೆಸರಾದದ್ದು ನಿಧಾನಕ್ಕೆ. ನಾರ್ಮನ್ನರು ಬರುವ ಮುಂಚೆ ಸಾಮಾನ್ಯ ಇಂಗ್ಲಿಷ್ ಮನುಷ್ಯನಿಗೆ ಒಂದೇ ಹೆಸರು. ಆಮೇಲೆ ತೆರಿಗೆ, ಜಮೀನು, ನ್ಯಾಯಾಲಯದ ಕಡತಗಳು ಹೆಚ್ಚಾದವು. ಜಾನ್, ವಿಲಿಯಂ, ರಾಬರ್ಟ್ ಎಂಬ ಬೆರಳೆಣಿಕೆಯ ಹೆಸರುಗಳೇ ಊರ ತುಂಬ ಇದ್ದುದರಿಂದ ಯಾವ ಜಾನ್ ಎಂದು ಗುಮಾಸ್ತ ಕೇಳಬೇಕಾಯಿತು. ಕಮ್ಮಾರ ಜಾನ್, ಹೊಳೆಯಾಚೆಯ ಜಾನ್, ಕೆಂಪು ಕೂದಲಿನ ಜಾನ್, ಬಟ್ಟೆ ಹದ ಮಾಡುವ ಜಾನ್ ಎಂದು ಬರೆದುಕೊಂಡ. ಮೊದಲಿಗೆ ಇವು ಆ ಮನುಷ್ಯನ ಗುರುತಷ್ಟೇ ಆಗಿದ್ದು, ಅವನ ಜೊತೆಗೇ ಮುಗಿಯುತ್ತಿದ್ದವು. ದಕ್ಷಿಣದಲ್ಲಿ 14ನೇ ಶತಮಾನದ ನಡುವಿನ ಹೊತ್ತಿಗೆ, ಉತ್ತರದಲ್ಲಿ ಇನ್ನೂ ಸ್ವಲ್ಪ ತಡವಾಗಿ, ತಂದೆಯ ಗುರುತು ಮಗನಿಗೂ ಇಳಿಯತೊಡಗಿತು. ಹೀಗೆ ಹೆಸರುಗಳು ಗಟ್ಟಿಯಾದ ಕಾಲದಲ್ಲೇ ಉಣ್ಣೆ ಇಂಗ್ಲೆಂಡಿನ ಸಂಪತ್ತಿನ ಬೆನ್ನೆಲುಬಾಗಿತ್ತು. ಆದ್ದರಿಂದಲೇ ಕುರಿಯ ಬೆನ್ನಿನಿಂದ ದರ್ಜಿಯ ಕೈಯವರೆಗಿನ ಇಡೀ ದಾರಿ ಅಡ್ಡಹೆಸರುಗಳಲ್ಲಿ ಉಳಿದುಕೊಂಡಿದೆ: ಕುರಿ ಕಾಯುವ ಶೆಫರ್ಡ್, ಉಣ್ಣೆ ಬಿಡಿಸಿ ಬಾಚುವ ಟೋಝರ್, ನೇಯುವ ವೆಬ್, ವೆಬ್ಬರ್, ವೆಬ್‌ಸ್ಟರ್, ಬಣ್ಣ ಹಾಕುವ ಡೈಯರ್ ಮತ್ತು ಲಿಸ್ಟರ್, ಹದ ಮಾಡುವ ನಮ್ಮ ಮೂವರು, ಬಟ್ಟೆಯ ಮೇಲೆದ್ದ ನವಿರನ್ನು ಕತ್ತರಿಸಿ ಸಮ ಮಾಡುವ ಶೆರ್ಮನ್, ಮಾರುವ ಡ್ರೇಪರ್, ಹೊಲಿಯುವ ಟೇಲರ್.

ಹೆಸರುಗಳು ಗಟ್ಟಿಯಾಗುವ ಮೊದಲೇ ಕಸುಬಿನಲ್ಲಿ ಒಂದು ದೊಡ್ಡ ಬದಲಾವಣೆ ಶುರುವಾಗಿತ್ತು. ಕಾಲಿನ ಬದಲಿಗೆ ನೀರು ಕೆಲಸ ಮಾಡತೊಡಗಿತು. ಹೊಳೆಯ ನೀರಿನಿಂದ ಚಕ್ರ ತಿರುಗುತ್ತದೆ, ಚಕ್ರದ ಅಚ್ಚುಮರಕ್ಕೆ ಹೊಡೆದ ಗೂಟಗಳು ದಪ್ಪನೆಯ ಮರದ ಕೊಡತಿಗಳನ್ನು ಒಂದಾದ ಮೇಲೊಂದರಂತೆ ಎತ್ತಿ ಬಿಡುತ್ತವೆ, ಕೊಡತಿಗಳು ಒನಕೆಯ ಹಾಗೆ ದೋಣಿಯೊಳಗಿನ ಬಟ್ಟೆಯ ಮೇಲೆ ಬೀಳುತ್ತವೆ. ಇಂಗ್ಲೆಂಡಿನಲ್ಲಿ ಇಂಥ ಗಿರಣಿಗಳ ಮೊದಲ ದಾಖಲೆಗಳಲ್ಲೊಂದು 1185ರದು. ಟೆಂಪ್ಲರ್ ಎಂಬ ಧಾರ್ಮಿಕ ಯೋಧರ ಪಂಗಡ ತನ್ನ ಆಸ್ತಿಯ ಲೆಕ್ಕ ಬರೆಸಿದಾಗ ಯಾರ್ಕ್‌ಷೈರಿನ ನ್ಯೂಶಂನಲ್ಲಿ ಒಂದು, ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಕಡೆಯ ಬಾರ್ಟನ್ನಿನಲ್ಲಿ ಇನ್ನೊಂದು ಗಿರಣಿ ಕಾಣಿಸಿಕೊಳ್ಳುತ್ತವೆ. ಆರ್ಥಿಕ ಇತಿಹಾಸಕಾರ್ತಿ ಎಲೆನೋರಾ ಕ್ಯಾರಸ್-ವಿಲ್ಸನ್ 1941ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು 13ನೇ ಶತಮಾನದ ಕೈಗಾರಿಕಾ ಕ್ರಾಂತಿ ಎಂದೇ ಕರೆದರು. ಬಯಲುಸೀಮೆಯ ಪಟ್ಟಣಗಳಲ್ಲಿದ್ದ ಬಟ್ಟೆಯ ಉದ್ಯಮ ರಭಸದ ತೊರೆಗಳಿರುವ ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡಿಗೆ ಸರಿದದ್ದು ಈ ಗಿರಣಿಗಳ ಬೆನ್ನು ಹಿಡಿದು ಎಂಬುದು ಅವರ ವಾದ. ಎಲ್ಲವೂ ಗಿರಣಿಯಿಂದಲೇ ಆಯಿತೇ ಎಂದು ಆಮೇಲಿನವರು ತಕರಾರು ತೆಗೆದಿದ್ದಾರೆ. ಆದರೆ ಗಿರಣಿಗಳು ಗುಡ್ಡಗಾಡಿನಲ್ಲಿ ಹೆಚ್ಚಿದ್ದವೆಂಬುದನ್ನು ಊರುಗಳ ಹೆಸರುಗಳೇ ಹೇಳುತ್ತವೆ. ವೇಲ್ಸಿನ ಟೋನಿಪ್ಯಾಂಡಿ ಎಂಬ ಊರ ಹೆಸರಿನಲ್ಲಿರುವ 'ಪ್ಯಾಂಡಿ' ಎಂದರೆ ಬಟ್ಟೆ ಹದ ಮಾಡುವ ಗಿರಣಿ. ಕಾರ್ನ್‌ವಾಲಿನಲ್ಲಿ ಟಕ್ಕಿಂಗ್‌ಮಿಲ್ ಎಂಬ ಊರೇ ಇದೆ. ಡೆವನ್ನಿನ ಎಕ್ಸೆಟರ್ ನಗರದಲ್ಲಿ ಈ ಕಸುಬಿನವರ ಸಂಘ 1471ರಲ್ಲಿ ಕಟ್ಟಿಸಿದ ಟಕ್ಕರ್ಸ್ ಹಾಲ್ ಇಂದಿಗೂ ನಿಂತಿದೆ. ಗಿರಣಿ ಬಂದರೂ ಅದನ್ನು ನಡೆಸುವವನು ವಾಕರನೇ, ಟಕ್ಕರನೇ, ಫುಲ್ಲರನೇ. ಕೆಲಸದಿಂದ ಕಾಲು ಹೊರಬಿದ್ದರೂ ಹೆಸರು ಉಳಿಯಿತು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಮಾತ್ರ ಹೆಂಗಸರು ಹಲಗೆಯ ಸುತ್ತ ಕುಳಿತು ಬಟ್ಟೆಯನ್ನು ಕೈಯಿಂದಲೇ ಬಡಿದು ಹದ ಮಾಡುವ ಪದ್ಧತಿ 20ನೇ ಶತಮಾನದ ನಡುವಿನವರೆಗೂ ಇತ್ತು. ನಮ್ಮ ಬೀಸುವ ಪದ, ಕುಟ್ಟುವ ಪದಗಳಂತೆ ಆ ಬಡಿತದ ಲಯಕ್ಕೆ ಹಾಡುವ ಹಾಡುಗಳು ಅಲ್ಲಿ ರಾಶಿ ರಾಶಿ ಇವೆ.

ಮೂರು ಹೆಸರುಗಳಲ್ಲಿ ವಾಕರ್ ಮಾತ್ರ ಈ ಪರಿ ಹೆಚ್ಚಿದ್ದು ಹೇಗೆ? 1853ರ ದಾಖಲೆಗಳ ಆಧಾರದ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸಿನ ರಿಜಿಸ್ಟ್ರಾರ್ ಜನರಲ್ ಕಚೇರಿ ಐವತ್ತು ಅತಿ ಸಾಮಾನ್ಯ ಅಡ್ಡಹೆಸರುಗಳ ಪಟ್ಟಿ ಮಾಡಿತು. ಸ್ಮಿತ್ ಎರಡೂವರೆ ಲಕ್ಷಕ್ಕೂ ಮೇಲಿದ್ದು ಮೊದಲನೆಯದಾದರೆ, ವಾಕರ್ ಸುಮಾರು 59 ಸಾವಿರ ಜನರೊಂದಿಗೆ ಮೊದಲ ಇಪ್ಪತ್ತರೊಳಗೆ ಇತ್ತು. ಫುಲ್ಲರ್ ಮತ್ತು ಟಕ್ಕರ್ ಆ ಐವತ್ತರಲ್ಲಿ ಎಲ್ಲೂ ಇಲ್ಲ. ನನಗೆ ಕಾಣುವ ಮಟ್ಟಿಗೆ ಇದಕ್ಕೆ ಮುಖ್ಯ ಕಾರಣ ಹರಹು. ಟಕ್ಕರ್ ಮೂರು ನಾಲ್ಕು ಕೌಂಟಿಗಳ ಪದ, ಫುಲ್ಲರ್ ಒಂದು ಮೂಲೆಯ ಪದ. ವಾಕರ್ ಮಾತ್ರ ಇಂಗ್ಲೆಂಡಿನ ಮಧ್ಯಭಾಗದಿಂದ ಹಿಡಿದು ಸ್ಕಾಟ್ಲೆಂಡಿನ ತಗ್ಗುನಾಡಿನವರೆಗೆ ಹರಡಿದ್ದ ಪದ. ಮೇಲಾಗಿ ಗೇಲಿಕ್ ಭಾಷೆಯಲ್ಲಿ 'ಹದ ಮಾಡುವವನ ಮಗ' ಎಂಬರ್ಥದ ಹೆಸರಿದ್ದ ಮನೆತನಗಳೂ ಇಂಗ್ಲಿಷಿಗೆ ತಿರುಗಿದಾಗ ವಾಕರ್ ಎಂದೇ ಬರೆಸಿಕೊಂಡವು. ಇದರ ಮೇಲೆ 18 ಮತ್ತು 19ನೇ ಶತಮಾನಗಳಲ್ಲಿ ಯಾರ್ಕ್‌ಷೈರ್, ಲ್ಯಾಂಕಾಷೈರ್‌ಗಳ ಗಿರಣಿ ಪಟ್ಟಣಗಳು ಉಬ್ಬಿ, ಅಲ್ಲಿನ ಜನಸಂಖ್ಯೆ ದೇಶದ ಉಳಿದ ಭಾಗಗಳಿಗಿಂತ ಬಿರುಸಾಗಿ ಏರಿದಾಗ ಉತ್ತರದ ಹೆಸರುಗಳೆಲ್ಲ ಅದರ ಜೊತೆಗೇ ಏರಿದವು.

ಇಷ್ಟೊಂದು ವಾಕರರು ಒಂದೇ ಬಳ್ಳಿಯವರೇ ಎಂದರೆ ಖಂಡಿತ ಅಲ್ಲ. ಊರೂರಿಗೂ ಒಬ್ಬ ಬಟ್ಟೆ ಹದ ಮಾಡುವವನಿದ್ದ, ಊರೂರಿನಲ್ಲೂ ಹೆಸರು ಬೇರೆ ಬೇರೆಯಾಗಿ ಹುಟ್ಟಿತು. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಬ್ರಿಟಿಷ್ ಅಡ್ಡಹೆಸರುಗಳ 1,678 ಗಂಡಸರ ವೈ ವರ್ಣತಂತುಗಳನ್ನು ಹೋಲಿಸಿದ್ದರು. ತಂದೆಯಿಂದ ಮಗನಿಗೆ ಅಡ್ಡಹೆಸರು ಇಳಿಯುವ ಹಾಗೆಯೇ ಈ ವರ್ಣತಂತುವೂ ಇಳಿಯುತ್ತದೆ. ಅಟೆನ್‌ಬರೊದಂಥ ಅಪರೂಪದ ಹೆಸರಿನವರಲ್ಲಿ ಬಹುಪಾಲು ಮಂದಿ ಒಂದೇ ಮೂಲಪುರುಷನ ಸಂತತಿ ಎಂಬಂತೆ ಕಂಡರೆ, ಸ್ಮಿತ್‌ಗಳನ್ನು ದಾರಿಹೋಕರಿಂದ ಬೇರ್ಪಡಿಸುವುದೇ ಸಾಧ್ಯವಾಗಲಿಲ್ಲ. ಕಸುಬಿನಿಂದ ಬಂದ ಸಾಮಾನ್ಯ ಹೆಸರಿನ ಪಾಡೇ ಇದು. ಜೊತೆಗೆ ಕೆಲವು ವಾಕರರಿಗೆ ಬಟ್ಟೆಯ ಸೋಂಕೇ ಇಲ್ಲದಿರಬಹುದು. ನ್ಯೂಕಾಸಲ್ ಬಳಿ ರೋಮನ್ನರ ಕಾಲದ ಹೇಡ್ರಿಯನ್ ಗೋಡೆಯ ಪಕ್ಕದ ಜೌಗು ಎಂಬರ್ಥದಿಂದ ಬಂದ ವಾಕರ್ ಎಂಬ ಊರೊಂದಿದೆ, ಅಲ್ಲಿಂದ ಹೊರಟವರಿಗೂ ಇದೇ ಹೆಸರು ಅಂಟಿಕೊಂಡಿರುತ್ತದೆ.

ಅಟ್ಲಾಂಟಿಕ್ ದಾಟಿದ ಮೇಲೆ ಈ ಹೆಸರಿನ ಕತೆ ಇನ್ನೊಂದು ತಿರುವು ಪಡೆಯಿತು. ಅಮೆರಿಕದ 2010ರ ಜನಗಣತಿಯಲ್ಲಿ 5,23,129 ವಾಕರರಿದ್ದರು, ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಜನಾಂಗದವರು. ಗುಲಾಮಗಿರಿಯ ಕಾಲದಲ್ಲೂ ಬಿಡುಗಡೆಯಾದ ಮೇಲೂ ಆಫ್ರಿಕಾ ಮೂಲದ ಜನ ಒಡೆಯರ, ನೆರೆಹೊರೆಯ ಬಿಳಿಯರ ಅಥವಾ ತಾವೇ ಆರಿಸಿಕೊಂಡ ಇಂಗ್ಲಿಷ್ ಅಡ್ಡಹೆಸರುಗಳನ್ನು ಇಟ್ಟುಕೊಂಡದ್ದರ ಗುರುತು ಇದು. ಗುಲಾಮಗಿರಿಯ ವಿರುದ್ಧ 1829ರಲ್ಲಿ ಕರಪತ್ರ ಪ್ರಕಟಿಸಿದ ಡೇವಿಡ್ ವಾಕರ್, 1903ರಲ್ಲಿ ಬ್ಯಾಂಕ್ ಸ್ಥಾಪಿಸಿದ ಮ್ಯಾಗಿ ವಾಕರ್, ಕಾದಂಬರಿಕಾರ್ತಿ ಆಲಿಸ್ ವಾಕರ್ ಈ ಸಾಲಿನವರು. ಕೂದಲಿನ ಪ್ರಸಾಧನಗಳನ್ನು ಮಾರಿ ಹೆಸರು ಮಾಡಿದ ಮೇಡಂ ಸಿ. ಜೆ. ವಾಕರ್ ಹುಟ್ಟಿದಾಗ ಸಾರಾ ಬ್ರೀಡ್‌ಲವ್, ವಾಕರ್ ಗಂಡನ ಕಡೆಯಿಂದ ಬಂದದ್ದು. ಇನ್ನೊಂದು ತುದಿಯಲ್ಲಿ, ಅಧ್ಯಕ್ಷರಾದ ಇಬ್ಬರು ಜಾರ್ಜ್ ಬುಷ್‌ಗಳ ಹೆಸರಿನ ನಡುವಿನ 'ಡಬ್ಲ್ಯು' ಅಕ್ಷರವೂ ವಾಕರ್, ಅದು ಹಿರಿಯ ಬುಷ್ ಅವರ ತಾಯಿಯ ತವರಿನ ಹೆಸರು.

ಕನ್ನಡದ ಪತ್ರಿಕೆಗಳಿಗೆ ಈ ಹೆಸರು ಬರುವುದು ಸಾಮಾನ್ಯವಾಗಿ ಮುಂಗಾರಿನ ಹೊತ್ತಿಗೆ. ಎಲ್ ನಿನೊ ಬಂತು, ಮಳೆ ಕೈಕೊಡಬಹುದು ಎಂಬ ಸುದ್ದಿಯ ಜೊತೆಗೆ 'ವಾಕರ್ ಪರಿಚಲನೆ' ಎಂಬ ಪದವೂ ಕಾಣಿಸುತ್ತದೆ. ಅದರ ಹಿಂದಿರುವ ಗಿಲ್ಬರ್ಟ್ ವಾಕರ್ ಕೇಂಬ್ರಿಡ್ಜಿನ ಗಣಿತಜ್ಞ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದು, ಮುಂಗಾರಿನ ಮುನ್ಸೂಚನೆಗೆ ದಾರಿ ಹುಡುಕುತ್ತ ಜಗತ್ತಿನ ಮೂಲೆಮೂಲೆಯ ವಾಯುಭಾರದ ಅಂಕಿಗಳನ್ನು ಒಂದಕ್ಕೊಂದು ತಾಳೆ ಹಾಕಿದರು. ಪೆಸಿಫಿಕ್ ಸಾಗರದ ಕಡೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ, ತಕ್ಕಡಿಯಂಥ ತೂಗಾಟವನ್ನು ಕಂಡು ಅದಕ್ಕೆ ದಕ್ಷಿಣದ ಆಂದೋಲನವೆಂದು ಹೆಸರಿಟ್ಟರು. ಅವರು ತೀರಿಹೋಗಿ ಹನ್ನೊಂದು ವರ್ಷಗಳಾದ ಮೇಲೆ, 1969ರಲ್ಲಿ, ಯಾಕೋಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ಆ ತೂಗಾಟದ ಹಿಂದಿನ ಗಾಳಿಯ ಸುತ್ತಿಗೆ ಅವರ ಹೆಸರನ್ನು ಕೊಟ್ಟರು.

ಗಿಲ್ಬರ್ಟ್ ವಾಕರ್ ಹುಟ್ಟಿದ್ದು 1868ರಲ್ಲಿ, ಲ್ಯಾಂಕಾಷೈರಿನ ರಾಚ್‌ಡೇಲಿನಲ್ಲಿ. ಶತಮಾನಗಳ ಕಾಲ ಉಣ್ಣೆಬಟ್ಟೆಗೆ ಹೆಸರಾಗಿದ್ದ ಊರದು. ಅವರ ಹೆಸರು ಹೊತ್ತ ಪರಿಚಲನೆಯಲ್ಲಿ ಗಾಳಿ ಪೆಸಿಫಿಕ್ಕಿನ ಪಶ್ಚಿಮದ ಬೆಚ್ಚನೆಯ ನೀರಿನ ಮೇಲೆ ಏರಿ, ಎತ್ತರದಲ್ಲಿ ಪೂರ್ವಕ್ಕೆ ಹರಿದು, ಅಮೆರಿಕದ ಕಡೆಯ ತಣ್ಣನೆಯ ನೀರಿನ ಮೇಲೆ ಇಳಿದು, ಕಡಲಿನ ಮೈ ಸವರಿಕೊಂಡು ಮತ್ತೆ ಪಶ್ಚಿಮಕ್ಕೆ ಮರಳುತ್ತದೆ. ಬರಿಯ ಕಾಕತಾಳೀಯವೇ ಇರಬಹುದು, ಆದರೆ ಅದು ಸಾವಿರಾರು ಮೈಲಿಯ ಸಾಗರದ ಮೇಲೆ ಬಿಡದೆ ಹೊರಳುವ ಗಾಳಿ, ಮತ್ತು ವೆಯಾಲ್ಕನ್ ಎಂಬ ಪದಕ್ಕೆ ಮೊದಲಿದ್ದ ಅರ್ಥವೂ ಹೊರಳುವುದೇ.